ಕಾಲೇಜು ಮುಗಿದರೂ ಮುಗಿಯದ ಸಂಘ: ಅಮೆರಿಕದ ಕಪ್ಪು ಮಹಿಳೆಯರ ಸೊರಾರಿಟಿಗಳು

1922ನೇ ಇಸವಿ, ನವೆಂಬರ್ 12. ಅಮೆರಿಕದ ಇಂಡಿಯಾನಾಪೊಲಿಸ್ ನಗರ. ಏಳು ಜನ ಶಾಲಾ ಟೀಚರ್‌ಗಳು, ಏಳೂ ಜನ ಕಪ್ಪು ಹೆಣ್ಣುಮಕ್ಕಳು, ಅಲ್ಲಿನ ಬಟ್ಲರ್ ಯೂನಿವರ್ಸಿಟಿಯಲ್ಲಿ ಒಂದು ಸಂಘ ಕಟ್ಟಿದರು. ಅದಕ್ಕೆ ಸಿಗ್ಮಾ ಗಾಮಾ ರೋ ಅಂತ ಹೆಸರಿಟ್ಟರು. ಮೂರೂ ಗ್ರೀಕ್ ಅಕ್ಷರಗಳು.

ಆ ಊರು, ಆ ಕಾಲ ಎಂಥದ್ದು ಅನ್ನೋದನ್ನು ಮೊದಲು ಹೇಳಬೇಕು. ಕಪ್ಪು ಜನರ ಮೇಲೆ ದ್ವೇಷ ಕಾರುವ ಬಿಳಿಯರ ಸಂಘ ಕು ಕ್ಲಕ್ಸ್ ಕ್ಲಾನ್ ಅಂದರೆ ನಮಗೆ ದಕ್ಷಿಣದ ರಾಜ್ಯಗಳು ನೆನಪಾಗುತ್ತವೆ. ಆದರೆ 1920ರ ದಶಕದಲ್ಲಿ ಅದು ಅತಿ ಬಲವಾಗಿ ಬೇರು ಬಿಟ್ಟಿದ್ದ ಜಾಗಗಳಲ್ಲಿ ಉತ್ತರದ ರಾಜ್ಯವಾದ ಇಂಡಿಯಾನಾ ಕೂಡ ಒಂದು, ಇಂಡಿಯಾನಾಪೊಲಿಸ್ ಇರೋದು ಆ ರಾಜ್ಯದಲ್ಲೇ. ಅಲ್ಲೇ ಹುಟ್ಟಿದ ಬಿಳಿಯ ಗಂಡಸರಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಬ್ಬ ಅದರ ಸದಸ್ಯನಾಗಿದ್ದ ಎಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. 1924ರಲ್ಲಿ ಗವರ್ನರ್ ಆಗಿ ಗೆದ್ದವನೂ ಕ್ಲಾನ್ ಬೆಂಬಲದವನೇ. 1927ರಲ್ಲಿ ಇದೇ ಬಟ್ಲರ್ ಯೂನಿವರ್ಸಿಟಿ, ವರ್ಷಕ್ಕೆ ಹತ್ತು ಜನ ಕಪ್ಪು ವಿದ್ಯಾರ್ಥಿಗಳಿಗೆ ಮಾತ್ರ ಪ್ರವೇಶ ಅಂತ ನಿಯಮ ಮಾಡಿತು. ಹತ್ತೇ ಜನ! ಅದೇ ವರ್ಷ ನಗರದ ಕಪ್ಪು ಮಕ್ಕಳನ್ನೆಲ್ಲ ಒಂದೇ ಕಡೆ ತುಂಬಲು ಕ್ರಿಸ್ಪಸ್ ಆಟಕ್ಸ್ ಅನ್ನುವ ಬೇರೆ ಹೈಸ್ಕೂಲು ತೆರೆದರು. ಇಂಥ ಊರಲ್ಲಿ ಏಳು ಟೀಚರ್‌ಗಳು ಸಂಘ ಕಟ್ಟುವುದಕ್ಕೆ ಗುಂಡಿಗೆ ಬೇಕು.

ಸೊರಾರಿಟಿ ಅಂದರೆ ಕಾಲೇಜು ಹುಡುಗಿಯರ ಸಂಘ. ಹುಡುಗರದ್ದಾದರೆ ಫ್ರೆಟರ್ನಿಟಿ. ಅಮೆರಿಕನ್ ಸಿನಿಮಾ ನೋಡುವ ಮಕ್ಕಳಿಗೆ ಇದು ಗೊತ್ತಿರುತ್ತದೆ. ಒಂದು ದೊಡ್ಡ ಮನೆ, ಪಾರ್ಟಿ, ಕುಡಿತ, ಗಲಾಟೆ, ಅಷ್ಟೇ ಅವರು ನೋಡಿರೋದು. ಬಿಳಿಯರ ಇಂಥ ಸಂಘಗಳು ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಹಾಗಾಗಿ ಇವರು ತಮ್ಮದನ್ನು ತಾವೇ ಮಾಡಿಕೊಂಡರು. ಮೊದಲನೆಯದು ಆಲ್ಫಾ ಕಪ್ಪಾ ಆಲ್ಫಾ, 1908ರ ಜನವರಿ 15ರಂದು, ವಾಷಿಂಗ್ಟನ್‌ನ ಹೋವರ್ಡ್ ಯೂನಿವರ್ಸಿಟಿಯಲ್ಲಿ. ಎಲ್ಲರೂ ಎಕೆಎ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. 1913ರಲ್ಲಿ ಡೆಲ್ಟಾ ಸಿಗ್ಮಾ ಥೀಟಾ, 1920ರಲ್ಲಿ ಝೀಟಾ ಫೈ ಬೀಟಾ, ಇವೂ ಹೋವರ್ಡ್‌ನವೇ. ನಾಲ್ಕನೆಯದೇ ನಮ್ಮ ಇಂಡಿಯಾನಾಪೊಲಿಸ್ ಟೀಚರ್‌ಗಳದ್ದು. ಹೋವರ್ಡ್ ಮುಖ್ಯವಾಗಿ ಕಪ್ಪು ವಿದ್ಯಾರ್ಥಿಗಳೇ ಓದುತ್ತಿದ್ದ ಯೂನಿವರ್ಸಿಟಿ. ಅಲ್ಲಿ ಹುಟ್ಟಿದವರಿಗೆ ಸುತ್ತ ತಮ್ಮವರಿದ್ದರು. ಬಟ್ಲರ್‌ನಲ್ಲಿ ಆ ಆಸರೆ ಇರಲಿಲ್ಲ.

ನಮ್ಮಲ್ಲಿ ಕಾಲೇಜು ಸಂಘ ಅಂದರೆ ಡಿಗ್ರಿ ಮುಗಿದ ದಿನ ಮುಗೀತು, ಅಲ್ವಾ? ಇವರದು ಹಾಗಲ್ಲ. ಒಮ್ಮೆ ಸೇರಿದರೆ ಸಾಯುವವರೆಗೂ ಸದಸ್ಯೆ. ಓದು ಮುಗಿಸಿ ಕೆಲಸಕ್ಕೆ ಯಾವ ಊರಿಗೆ ಹೋದರೂ ಅಲ್ಲಿ ಪದವೀಧರರ ಚಾಪ್ಟರ್, ಅಂದರೆ ಶಾಖೆ, ಇರುತ್ತದೆ. ಅಲ್ಲಿ ಹೋಗಿ ಸೇರಿಕೊಳ್ಳುತ್ತಾರೆ. ಇವತ್ತು ಎಕೆಎ ಮತ್ತು ಡೆಲ್ಟಾ, ಒಂದೊಂದಕ್ಕೂ ಮೂರು ಲಕ್ಷಕ್ಕಿಂತ ಜಾಸ್ತಿ ಸದಸ್ಯೆಯರಿದ್ದಾರೆ. ಅದರಲ್ಲಿ ಕಾಲೇಜು ಹುಡುಗಿಯರು ಸಣ್ಣ ಪಾಲು. ಉಳಿದವರೆಲ್ಲ ಟೀಚರ್, ನರ್ಸ್, ವಕೀಲೆ, ಬ್ಯಾಂಕ್ ಮ್ಯಾನೇಜರ್, ರಿಟೈರ್ ಆದ ಅಜ್ಜಿಯರು. ಊರಿನ ಕೆಲಸ ನಡೆಸುವವರು ಇವರೇ.

ಚಾಪ್ಟರ್ ಒಳಗೆ ಎಲ್ಲ ಶಿಸ್ತು. ತಿಂಗಳಿಗೊಂದು ಮೀಟಿಂಗ್. ನಿರ್ಣಯ, ಅನುಮೋದನೆ, ಓಟು, ನಡಾವಳಿ. ಅಧ್ಯಕ್ಷೆಯನ್ನು ಮೂರು ಸೊರಾರಿಟಿಗಳಲ್ಲಿ ಬ್ಯಾಸಿಲಿಯಸ್ ಅಂತ ಗ್ರೀಕ್ ಹೆಸರಲ್ಲೇ ಕರೆಯುತ್ತಾರೆ. ಒಬ್ಬರನ್ನೊಬ್ಬರು ಕರೆಯೋದು ಸೋರರ್ ಅಂತ, ಅಂದರೆ ಅಕ್ಕ-ತಂಗಿ. ಇನ್ನೊಂದು ಮಾತು ನನಗೆ ತುಂಬಾ ಹಿಡಿಸಿತು. ವರ್ಷದ ಚಂದಾ ಕಟ್ಟಿದವರಿಗೆ ಅವರು 'ಫೈನಾನ್ಷಿಯಲ್' ಅನ್ನುತ್ತಾರೆ. "ಅವಳು ಈ ವರ್ಷ ಫೈನಾನ್ಷಿಯಲ್ಲಾ?" ಅಂತ ಕೇಳಿದರೆ ಅವಳ ಹತ್ತಿರ ದುಡ್ಡಿದೆಯಾ ಅಂತಲ್ಲ, ಚಂದಾ ಕಟ್ಟಿದ್ದಾಳಾ ಅಂತ. ಮಹಿಳಾ ಸಮಾಜದ ಖಜಾಂಚಿ ಆಗಿದ್ದವರಿಗೆ ಈ ಪ್ರಶ್ನೆಯ ನೋವು ಗೊತ್ತು. ಮುಂದಿನ ಸಾಲಿನಲ್ಲಿ ಇಬ್ಬರು ನಗುತ್ತಿದ್ದೀರಿ.

ಈಗ ಕೆಲಸದ ವಿಷಯಕ್ಕೆ ಬರುತ್ತೇನೆ. ಒಂದೇ ಕೆಲಸವನ್ನು ಹತ್ತಿರದಿಂದ ನೋಡೋಣ. ಈಜು.

ಇಲ್ಲಿರುವವರಲ್ಲಿ ಈಜು ಬರುವವರು ಎಷ್ಟು ಜನ? ಕೈ ಎತ್ತಿ. ಹಾಂ, ಬೆರಳೆಣಿಕೆ. ಸೊರಾರಿಟಿಗೂ ಈಜಿಗೂ ಏನು ಸಂಬಂಧ ಅಂತ ನಾನೂ ಮೊದಲು ಕೇಳಿದ್ದೆ. ಸಿಗ್ಮಾ ಗಾಮಾ ರೋ 2012ರಲ್ಲಿ ಅಮೆರಿಕದ ರಾಷ್ಟ್ರೀಯ ಈಜು ಸಂಸ್ಥೆ ಯುಎಸ್‌ಎ ಸ್ವಿಮ್ಮಿಂಗ್ ಜೊತೆ ಸೇರಿ ಒಂದು ಕಾರ್ಯಕ್ರಮ ಶುರುಮಾಡಿತು. ಹೆಸರು ಸ್ವಿಮ್ 1922. ತಾವು ಹುಟ್ಟಿದ ಇಸವಿಯನ್ನೇ ಇಟ್ಟುಕೊಂಡರು. ಊರೂರಿನ ಚಾಪ್ಟರ್‌ಗಳು ಕಪ್ಪು ಮಕ್ಕಳನ್ನೂ ಅವರ ಅಪ್ಪ-ಅಮ್ಮಂದಿರನ್ನೂ ಈಜುಕೊಳಕ್ಕೆ ಕರೆತರುತ್ತವೆ.

ಯಾಕೆ ಬೇಕು ಇದು? 2017ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಅಮೆರಿಕದ ಕಪ್ಪು ಮಕ್ಕಳಲ್ಲಿ ಶೇಕಡಾ 64ರಷ್ಟು ಮಂದಿಗೆ ಈಜು ಬರೋದೇ ಇಲ್ಲ, ಅಥವಾ ಅಲ್ಪಸ್ವಲ್ಪ ಬರುತ್ತದೆ. ಬಿಳಿಯ ಮಕ್ಕಳಲ್ಲಿ ಇದು ಶೇಕಡಾ 40. ಅಪ್ಪ-ಅಮ್ಮನಿಗೆ ಈಜು ಬರದಿದ್ದರೆ ಮಗು ಕಲಿಯುವ ಸಾಧ್ಯತೆ ಶೇಕಡಾ 19 ಮಾತ್ರ. 2010ರ ಆಗಸ್ಟ್‌ನಲ್ಲಿ ಲೂಯಿಸಿಯಾನಾದ ಶ್ರೀವ್‌ಪೋರ್ಟ್‌ನಲ್ಲಿ ರೆಡ್ ನದಿಯಲ್ಲಿ ಆರು ಮಕ್ಕಳು, ಎಲ್ಲರೂ ಹದಿಹರೆಯದವರು, ಒಟ್ಟಿಗೆ ಮುಳುಗಿ ಸತ್ತರು. ಒಬ್ಬ ಹುಡುಗ ಆಳಕ್ಕೆ ಜಾರಿದ. ಅವನನ್ನು ಹಿಡಿಯಲು ಒಬ್ಬರ ಹಿಂದೆ ಒಬ್ಬರು ಇಳಿದರು. ದಡದಲ್ಲಿದ್ದ ಮನೆಯವರು ನೋಡುತ್ತಾ ನಿಂತಿರಬೇಕಾಯಿತು. ಅವರಿಗೂ ಈಜು ಬರುತ್ತಿರಲಿಲ್ಲ.

"ಅವರಿಗೆ ನೀರು ಒಗ್ಗಲ್ಲ" ಅಂತ ಅಲ್ಲಿ ಕೆಲವರು ಸಲೀಸಾಗಿ ಹೇಳಿಬಿಡುತ್ತಾರೆ. ಶುದ್ಧ ಸುಳ್ಳು. ನೀರಿನಿಂದ ಅವರನ್ನು ದೂರ ಇಟ್ಟಿದ್ದರು. ಊರಿನ ಸಾರ್ವಜನಿಕ ಕೊಳಗಳು ಬಿಳಿಯರಿಗೆ ಮಾತ್ರ. 1949ರ ಜೂನ್‌ನಲ್ಲಿ ಸೇಂಟ್ ಲೂಯಿಸ್ ನಗರದ ಫೇರ್‌ಗ್ರೌಂಡ್ ಪಾರ್ಕ್ ಕೊಳವನ್ನು ಎಲ್ಲರಿಗೂ ತೆರೆದ ಮೊದಲ ದಿನವೇ ಬಿಳಿಯರ ಗುಂಪು ಕಪ್ಪು ಮಕ್ಕಳ ಮೇಲೆ ಬಿತ್ತು. ಮಿಸಿಸಿಪಿಯ ಜಾಕ್ಸನ್ ನಗರದ್ದು ಇನ್ನೂ ವಿಚಿತ್ರ. ಎಲ್ಲರನ್ನೂ ಬಿಡಬೇಕು ಅಂತ ಕೋರ್ಟಿನ ಒತ್ತಡ ಬಂದಾಗ, ನಗರಸಭೆ ಕೊಳಗಳನ್ನೇ ಮುಚ್ಚಿಸಿತು. ಕಪ್ಪು ಜನರೊಂದಿಗೆ ಒಂದೇ ನೀರಿಗೆ ಇಳಿಯುವ ಬದಲು ತಮ್ಮ ಮಕ್ಕಳಿಗೂ ಈಜು ಬೇಡ ಅಂದರು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1971ರಲ್ಲಿ ಐದಕ್ಕೆ ನಾಲ್ಕು ಮತದಿಂದ ಕೋರ್ಟು ಹೇಳಿದ್ದು, ಎಲ್ಲರಿಗೂ ಮುಚ್ಚಿದ್ದಾರಲ್ಲ, ಅದರಲ್ಲಿ ತಾರತಮ್ಯ ಇಲ್ಲ ಅಂತ! ಹೀಗೆ ಅಜ್ಜಿಗೆ ಕಲಿಯಲು ಬಿಡಲಿಲ್ಲ. ಕಲಿಯದ ಅಜ್ಜಿ ಹೆದರಿ ಮಗಳನ್ನು ಬಿಡಲಿಲ್ಲ. ಆ ಮಗಳು ತನ್ನ ಮಕ್ಕಳನ್ನು ಬಿಡಲಿಲ್ಲ.

ಇನ್ನು ಕೂದಲು. ಗಂಡಸರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು, ಹೆಂಗಸರಿಗೆ ಕೂಡಲೇ ಅರ್ಥವಾಗುತ್ತದೆ. ಅವರ ದಟ್ಟ ಗುಂಗುರು ಕೂದಲಿಗೆ ಕ್ಲೋರಿನ್ ನೀರು ತಾಗಿದರೆ ಒಣಗಿ ಮುರಿಯುತ್ತದೆ. ಜಡೆ ಹಾಕಿಸಲು ಗಂಟೆಗಟ್ಟಲೆ ಕೂತು, ಕೈತುಂಬ ದುಡ್ಡು ಕೊಟ್ಟಿರುತ್ತಾರೆ. ಅಂಗಡಿಯಲ್ಲಿ ಸಿಗುವ ಈಜು ಟೋಪಿ ಆ ಜಡೆಗಳ ಮೇಲೆ ಕೂರೋದಿಲ್ಲ. ಸೋಲ್ ಕ್ಯಾಪ್ ಅನ್ನುವ ಕಂಪನಿ ದೊಡ್ಡ ಟೋಪಿ ಮಾಡಿತು. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ಗೆ ಮುಂಚೆ ಅಂತರರಾಷ್ಟ್ರೀಯ ಈಜು ಒಕ್ಕೂಟ ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ಜನ ಉಗಿದ ಮೇಲೆ, 2022ರಲ್ಲಿ ಕೊಟ್ಟಿತು. ಹೊರಗಿನವರು ಬಂದು ಈಜು ಕಲಿಸ್ತೀವಿ ಅಂದರೆ ಈ ಟೋಪಿಯ ಗೋಳು ಅವರಿಗೆ ಹೊಳೆಯುವುದೇ ಇಲ್ಲ. ತನ್ನ ಕೂದಲಿನದೂ ಅದೇ ಪಾಡು ಅನ್ನುವ ಸೋರರ್‌ಗೆ ಹೇಳಿಕೊಡಬೇಕಾಗಿಲ್ಲ.

ನಾನು ಅಲ್ಲಿದ್ದಾಗ ಇಂಥ ಒಂದು ಈಜು ದಿನ ನೋಡಿದ್ದೇನೆ. ಮಕ್ಕಳು ಬೇಗ ಧೈರ್ಯ ಮಾಡಿದರು. ನನ್ನ ಕಣ್ಣು ನೆಟ್ಟಿದ್ದು ಮೂಲೆಯಲ್ಲಿದ್ದ ಒಬ್ಬ ಹೆಂಗಸಿನ ಮೇಲೆ. ಅರವತ್ತು ದಾಟಿದವರು. ನೀಲಿ-ಬಂಗಾರದ ಟೀ ಶರ್ಟು, ಮಂಡಿವರೆಗಿನ ಚಡ್ಡಿ. ಎದೆಮಟ್ಟದ ನೀರಲ್ಲಿ ಕೊಳದ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದರು. ಕಲಿಸುವ ಹುಡುಗಿ ಅವರ ಮೊಮ್ಮಗಳ ವಯಸ್ಸಿನವಳು. "ಮುಖ ಮುಳುಗಿಸಿ, ಬಾಯಿಂದ ಗುಳ್ಳೆ ಬಿಡಿ" ಅನ್ನುತ್ತಿದ್ದಳು. ಅವರು ಗಲ್ಲ ಮುಳುಗಿಸುತ್ತಾರೆ, ಥಟ್ಟನೆ ತಲೆ ಎತ್ತುತ್ತಾರೆ. ಹೀಗೇ ಎಷ್ಟೋ ಸಲ. ಕೊನೆಗೆ ಮೂಗಿನವರೆಗೂ ಮುಳುಗಿ ಗುಳ್ಳೆ ಬಿಟ್ಟರು ನೋಡಿ, ದಡದಲ್ಲಿದ್ದ ಸೋರರ್‌ಗಳೆಲ್ಲ 'ಈ-ಯಿಪ್' ಅಂತ ತಮ್ಮ ಸಂಘದ ಕೂಗು ಹಾಕಿದರು. ಆ ಹೆಂಗಸು ಬಂದದ್ದು ಮಕ್ಕಳಿಗೆ ಸಹಾಯ ಮಾಡಲಿಕ್ಕೆ, ಟವೆಲ್ ಹಂಚುವ ಸ್ವಯಂಸೇವಕಿಯಾಗಿ. ಟವೆಲ್ ಚೀಲ ದಡದಲ್ಲೇ ಬಿದ್ದಿತ್ತು.

ಇಂಥ ಕೆಲಸಕ್ಕೆ ಹಳೆಯ ಬೇರು ಇದೆ. ಅದನ್ನು ಹೇಳದಿದ್ದರೆ ಈ ಮಾತು ಅರ್ಧಕ್ಕೇ ನಿಲ್ಲುತ್ತದೆ. 1935ಕ್ಕೆ ಹೋಗೋಣ, ಮಿಸಿಸಿಪಿಗೆ.

ಆಗ ಎಕೆಎ ಅಧ್ಯಕ್ಷೆ ಇಡಾ ಲೂಯಿಸ್ ಜಾಕ್ಸನ್. ಹುಟ್ಟಿದ್ದು ಮಿಸಿಸಿಪಿಯ ವಿಕ್ಸ್‌ಬರ್ಗ್‌ನಲ್ಲಿ. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನ ಶಾಲೆಗಳಲ್ಲಿ ಪಾಠ ಹೇಳಿದ ಮೊದಲ ಕಪ್ಪು ಟೀಚರ್. ತನ್ನ ರಾಜ್ಯದ ಹಳ್ಳಿ ಟೀಚರ್‌ಗಳಿಗೆ ತರಬೇತಿ ಕೊಡೋಣ ಅಂತ 1934ರ ಬೇಸಿಗೆಯಲ್ಲಿ ಸೋರರ್‌ಗಳನ್ನು ಕರೆದುಕೊಂಡು ಹೋದರು. ಹೋಗಿ ನೋಡಿದರೆ ಮಕ್ಕಳು ಕಾಯಿಲೆಯಲ್ಲಿ ಬಿದ್ದಿದ್ದಾರೆ. ಪಾಠ ಆಮೇಲೆ, ಮೊದಲು ಔಷಧಿ ಅಂತ ತೀರ್ಮಾನಿಸಿದರು. ಮರುವರ್ಷ ಅದರ ನೇತೃತ್ವ ವಹಿಸಿದವರು ಡಾಕ್ಟರ್ ಡೊರೊತಿ ಫೆರೆಬಿ, ಟಫ್ಟ್ಸ್ ಮೆಡಿಕಲ್ ಕಾಲೇಜಿನಲ್ಲಿ ಓದಿ ಹೋವರ್ಡ್‌ನಲ್ಲಿದ್ದ ವೈದ್ಯೆ.

ಹೆಣ್ಣುಮಕ್ಕಳೇ ತಮ್ಮ ಕಾರುಗಳಲ್ಲಿ ಔಷಧಿ ತುಂಬಿಕೊಂಡು ದಕ್ಷಿಣಕ್ಕೆ ಹೊರಟರು. ದಾರಿಯಲ್ಲಿ ಬಿಳಿಯರ ಹೋಟೆಲುಗಳಲ್ಲಿ ಅವರಿಗೆ ರೂಮು ಸಿಗುವಂತಿರಲಿಲ್ಲ. ಹೋಮ್ಸ್ ಕೌಂಟಿಯಲ್ಲಿ ಕೆಲವು ಕಡೆ ಕ್ಲಿನಿಕ್ ತೆರೆಯುವುದು, ಜನ ಬರುತ್ತಾರೆ, ನೋಡುವುದು ಅಂತ ಅವರ ಯೋಜನೆ. ಜನ ಬರಲಿಲ್ಲ. ಯಾಕೆಂದರೆ ಅಲ್ಲಿನ ಕಪ್ಪು ಜನ ಬಿಳಿಯ ಜಮೀನುದಾರರ ಹತ್ತಿ ಹೊಲಗಳಲ್ಲಿ ಪಾಲಿಗೆ ಬೇಸಾಯ ಮಾಡುವವರು, ತೀರದ ಸಾಲದಲ್ಲಿ ಸಿಕ್ಕಿಕೊಂಡವರು. ಅವರು ಹೊಲ ಬಿಟ್ಟು ಹೋಗುವುದಕ್ಕೆ ಧಣಿಗಳು ಒಪ್ಪಲಿಲ್ಲ. ಉತ್ತರದಿಂದ ಓದಿದ ಕಪ್ಪು ಹೆಂಗಸರು ಬಂದಿದ್ದಾರೆ, ಕೂಲಿಗಳ ತಲೆ ಕೆಡಿಸುತ್ತಾರೆ ಅನ್ನುವ ಅನುಮಾನ ಬೇರೆ.

ಸರಿ, ಅವರು ಬರದಿದ್ದರೆ ನಾವೇ ಹೋಗೋಣ ಅಂತ ಕಾರುಗಳನ್ನೇ ಕ್ಲಿನಿಕ್ ಮಾಡಿಕೊಂಡರು. ಧಣಿಗಳ ಮನವೊಲಿಸಿ ಒಂದೊಂದೇ ಹೊಲಕ್ಕೆ ಹೋದರು. ಕುದುರೆ ಮೇಲಿನ ಕಾವಲುಗಾರರು ಅವರ ಮಾತೆಲ್ಲ ಕೇಳಿಸಿಕೊಳ್ಳುತ್ತಾ ಸುತ್ತುತ್ತಿದ್ದರು. ಇವರು ಮರದ ಕೆಳಗೆ ಟೇಬಲ್ ಹಾಕಿ, ಮಕ್ಕಳಿಗೆ ಸಿಡುಬು ಮತ್ತು ಗಂಟಲುಮಾರಿಯ ಚುಚ್ಚುಮದ್ದು ಕೊಟ್ಟರು, ಹಲ್ಲು ನೋಡಿದರು. ಊಟದ ಬಗ್ಗೆ ಹೇಳೋಣ ಅಂದರೆ, ಅವರು ತಿನ್ನುತ್ತಿದ್ದುದೇ ಉಪ್ಪು ಹಾಕಿದ ಹಂದಿಕೊಬ್ಬು, ಮೆಕ್ಕೆಜೋಳದ ಹಿಟ್ಟು ಮತ್ತು ಕಾಕಂಬಿ. ಸೊಪ್ಪು ತಿನ್ನಿ ಅಂದರೆ ಬೆಳೆಯೋದೆಲ್ಲಿ? ಮನೆ ಬಾಗಿಲವರೆಗೂ ಹತ್ತಿ ಬಿತ್ತಿಸಿದ್ದರು. ಪ್ರತಿ ಬೇಸಿಗೆ ಎರಡರಿಂದ ಆರು ವಾರ, ತಮ್ಮ ರಜೆಯಲ್ಲಿ ಇವರು ಮಿಸಿಸಿಪಿಗೆ ಹೋಗುತ್ತಿದ್ದರು. ಯುದ್ಧ ಬಂದು ಪೆಟ್ರೋಲು, ಟೈರು ರೇಷನ್ ಆಗುವವರೆಗೂ ನಡೆಯಿತು. ಒಟ್ಟು ಸುಮಾರು 15,000 ಮಕ್ಕಳಿಗೆ ಚುಚ್ಚುಮದ್ದು ಸಿಕ್ಕಿತು ಅಂತ ಲೆಕ್ಕ.

ಇಲ್ಲಿ ಒಂದು ಮಾತು ಪಕ್ಕಕ್ಕೆ ಸರಿದು ಹೇಳುತ್ತೇನೆ. ಇದೇ ದಕ್ಷಿಣದಲ್ಲಿ, ಸುಮಾರು ಇದೇ ಕಾಲದಲ್ಲಿ, ನಮ್ಮ ಮಂಗಳೂರಿನ ಮಗಳೊಬ್ಬರು ರೈಲಿನಲ್ಲಿ ಹೋಗುತ್ತಿದ್ದರು. ಕಮಲಾದೇವಿ ಚಟ್ಟೋಪಾಧ್ಯಾಯ. ಬಿಳಿಯರ ಬೋಗಿಯಲ್ಲಿ ಕೂತಿದ್ದರು. ಟಿಕೆಟ್ ಕಲೆಕ್ಟರ್ ಬಂದು ಏಳಿ ಅಂದ. ಇವರು ಏಳಲಿಲ್ಲ. ಆಮೇಲೆ ಅವನಿಗೇ ಅನುಮಾನ ಬಂದು ಯಾವ ಊರು ಅಂತ ವಿಚಾರಿಸಿದ. ಇಂಡಿಯಾದವಳು ಅಂದಿದ್ದರೆ ಬಿಟ್ಟುಬಿಡುತ್ತಿದ್ದ. ಆ ಸಲೀಸಾದ ದಾರಿ ಅವರಿಗೆ ಬೇಡವಾಗಿತ್ತು. ನಾನೂ ಕಪ್ಪು ಹೆಣ್ಣೇ, ಏಳುವುದಿಲ್ಲ, ಸುಮ್ಮನೆ ತೊಂದರೆ ತಗೋಬೇಡ ಅನ್ನುವ ಅರ್ಥದಲ್ಲಿ ಉತ್ತರ ಕೊಟ್ಟರು. ಆ ರೈಲಿಗೂ ಸೊರಾರಿಟಿಗೂ ನೇರ ಸಂಬಂಧ ಇಲ್ಲ, ಒಪ್ಪುತ್ತೇನೆ. ಆದರೆ ಫೆರೆಬಿ ಮತ್ತವರ ಜೊತೆಗಾರ್ತಿಯರು ಪ್ರತಿ ವರ್ಷ ಎದುರಿಸಿದ ಅಮೆರಿಕ ಇದೇ.

ಈಗ ಹಬ್ಬದ ಕಡೆ. ಇಷ್ಟೊತ್ತು ಕಷ್ಟ-ಸುಖ ಕೇಳಿ ಇವರೆಲ್ಲ ಗಂಭೀರವಾಗಿ ಕೂತಿರುವವರು ಅಂದುಕೊಳ್ಳಬೇಡಿ. ಜನವರಿಯಲ್ಲಿ ಅಮೆರಿಕಕ್ಕೆ ಹೋದರೆ ನೋಡಿ. 13 ಡೆಲ್ಟಾ ಸ್ಥಾಪನೆಯ ದಿನ, 15 ಎಕೆಎದು, 16 ಝೀಟಾದು. 15 ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ದಿನವೂ ಹೌದು. ಅವರ ಹೆಸರಿನ ರಜೆ ಆ ತಿಂಗಳ ಮೂರನೇ ಸೋಮವಾರ. 1994ರಲ್ಲಿ ಕಾನೂನು ಮಾಡಿ ಅದನ್ನು ಸೇವೆಯ ದಿನ ಅಂದರು. ಹಾಗಾಗಿ ಒಂದು ವಾರ ಗುಲಾಬಿ-ಹಸಿರು ಸೂಟು, ಮುತ್ತಿನ ಸರ ಹಾಕಿಕೊಂಡು ಊಟ-ಭಾಷಣ. ಮುಂದಿನ ಸೋಮವಾರ ಅದೇ ಹೆಂಗಸರು ಗ್ಲೌಸ್ ಹಾಕಿಕೊಂಡು ಆಹಾರದ ಡಬ್ಬಿ ಪ್ಯಾಕ್ ಮಾಡುತ್ತಿರುತ್ತಾರೆ.

ನೋಡಲೇಬೇಕಾದದ್ದು ಸ್ಟೆಪ್ ಶೋ. ವಾದ್ಯ ಇಲ್ಲ. ಹತ್ತು-ಹನ್ನೆರಡು ಹುಡುಗಿಯರು ಒಂದೇ ಸಾಲಿನಲ್ಲಿ ನಿಂತು ಕಾಲು, ಅಂಗೈ, ತೊಡೆ, ಇಷ್ಟರಲ್ಲೇ ತಾಳ ಕಟ್ಟುತ್ತಾರೆ. ಒಬ್ಬಳು ಕೂಗುತ್ತಾಳೆ, ಉಳಿದವರು ಉತ್ತರ ಕೊಡುತ್ತಾರೆ. ಮರದ ವೇದಿಕೆ ಗುಡುಗುತ್ತದೆ. ಆಮೇಲೆ ಎಲ್ಲರೂ ಒಂದೇ ಏಟಿಗೆ ನಿಂತುಬಿಡುತ್ತಾರೆ. ಒಬ್ಬಳ ಕಾಲು ಅರೆಕ್ಷಣ ತಡವಾದರೆ ಇಡೀ ಸಭಾಂಗಣಕ್ಕೆ ಗೊತ್ತಾಗುತ್ತದೆ, ಅಣಕಿಸಲು ಎದುರಾಳಿ ಸೊರಾರಿಟಿಯವರು ಕಾದಿರುತ್ತಾರೆ. ಎಕೆಎಯವರ 'ಸ್ಕೀ-ವೀ' ಕೂಗನ್ನು ಹೊರಗಿನವರು ಕೂಗುವ ಹಾಗಿಲ್ಲ. ತಮಾಷೆಗೂ ಇಲ್ಲ.

ಇದರ ಟಿಕೆಟ್ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಕೇಳಿ. ಹೆಚ್ಚಾಗಿ ವಿದ್ಯಾರ್ಥಿವೇತನಕ್ಕೆ. 1925ರಲ್ಲಿ ಬಾಸ್ಟನ್‌ನ ಡೆಲ್ಟಾ ಚಾಪ್ಟರ್ 'ಜಬರ್‌ವಾಕ್' ಅನ್ನುವ ಮನರಂಜನೆ ಕಾರ್ಯಕ್ರಮ ಶುರುಮಾಡಿತು, ಹಾಡು, ಕುಣಿತ, ಪ್ರಹಸನ ಎಲ್ಲ ಸೇರಿಸಿ. ಅದು ಊರೂರಿಗೆ ಹಬ್ಬಿ, ಇವತ್ತಿಗೂ ಹುಡುಗಿಯರ ಕಾಲೇಜು ಫೀಸಿಗೆ ದುಡ್ಡು ತರುತ್ತಿದೆ. ಸಂಭ್ರಮ ಮಾಡುವವರು ಬೇರೆ, ಸೇವೆ ಮಾಡುವವರು ಬೇರೆ ಅನ್ನುವ ನಮ್ಮ ಗೆರೆ ಅಲ್ಲಿ ಎಳೆಯುವುದು ಕಷ್ಟ. ಝೀಟಾದವರ 'ಸ್ಟಾರ್ಕ್ಸ್ ನೆಸ್ಟ್' ಕೂಡ ಹಾಗೇ. 1972ರಿಂದ, ತಾಯಿ-ಮಗುವಿನ ಆರೋಗ್ಯಕ್ಕೆ ದುಡಿಯುವ ಮಾರ್ಚ್ ಆಫ್ ಡೈಮ್ಸ್ ಸಂಸ್ಥೆಯ ಜೊತೆ ನಡೆಸುತ್ತಿದ್ದಾರೆ. ಬಡ ಬಸುರಿ ತಪಾಸಣೆಗೆ ಹೋದರೆ ಪಾಯಿಂಟ್ ಸಿಗುತ್ತದೆ. ಆ ಪಾಯಿಂಟ್ ಕೊಟ್ಟು ಮಗುವಿನ ಬಟ್ಟೆ, ತೊಟ್ಟಿಲು ತಗೋಬಹುದು. ಸುಮ್ನೆ ದಾನ ಅಲ್ಲ, ಅವಳೇ ಗಳಿಸಿದ್ದು.

ಹಾಗಂತ ಎಲ್ಲ ಬಂಗಾರ ಅಂತ ನಾನು ಹೇಳಲ್ಲ. ಸೇರುವುದಕ್ಕೆ ಖರ್ಚು ಜಾಸ್ತಿ. ಡಿಗ್ರಿ ಮೆಟ್ಟಿಲು ಹತ್ತದ ಹೆಂಗಸಿಗೆ ಬಾಗಿಲು ಇಲ್ಲ. 1950ರ ದಶಕದಲ್ಲೇ ಹೋವರ್ಡ್‌ನ ಸಮಾಜಶಾಸ್ತ್ರಜ್ಞ ಇ. ಫ್ರಾಂಕ್ಲಿನ್ ಫ್ರೇಜಿಯರ್ ಓದಿದ ಕಪ್ಪು ಮಧ್ಯಮ ವರ್ಗದ ಒಣ ಪ್ರತಿಷ್ಠೆಯನ್ನು ಕಟುವಾಗಿ ಬೈದಿದ್ದರು. ಹೊಸಬರನ್ನು ಹಿಂಸಿಸುವ ರ‍್ಯಾಗಿಂಗ್ ಇದೆ. ಅದನ್ನು ನಿಲ್ಲಿಸಲು 1990ರಲ್ಲಿ ಎಲ್ಲ ಸಂಘಗಳೂ ಸೇರಿ ಹಳೆಯ ದೀಕ್ಷೆಯ ಪದ್ಧತಿಯನ್ನೇ ರದ್ದು ಮಾಡಿದವು. ಗುಟ್ಟಾಗಿ ನಡೆಯೋದು ನಿಂತಿಲ್ಲ, ಕೋರ್ಟು-ಕಚೇರಿ ಆಗುತ್ತಲೇ ಇದೆ. ಸೇವೆಯ ಫೋಟೊ ಸೇವೆಗಿಂತ ದೊಡ್ಡದಾಗುವ ಕಾಯಿಲೆ ಎಲ್ಲ ಸಂಘಗಳಿಗೂ ಇದೆ, ಇವರಿಗೂ ಇದೆ.

ಇನ್ನೊಂದು ಜಗಳ ರಾಜಕೀಯದ್ದು. ಡೆಲ್ಟಾ ಹುಟ್ಟಿ ಎರಡು ತಿಂಗಳೂ ಆಗಿರಲಿಲ್ಲ, 1913ರ ಮಾರ್ಚ್ 3ರಂದು ಆ ಹುಡುಗಿಯರು ಮತದಾನದ ಹಕ್ಕಿನ ಮೆರವಣಿಗೆಯಲ್ಲಿ ವಾಷಿಂಗ್ಟನ್ ಬೀದಿಗೆ ಇಳಿದರು. ಕಪ್ಪು ಹೆಂಗಸರು ಹಿಂದೆ ನಡೆಯಿರಿ ಅಂತ ಸಂಘಟಕರಿಂದಲೇ ಮಾತು ಬಂದಿತ್ತು. ಮಿಸಿಸಿಪಿ ನೋಡಿ ಬಂದ ಎಕೆಎಯವರಿಗೆ ಬರೀ ಚುಚ್ಚುಮದ್ದಿನಿಂದ ಆಗುವ ಕೆಲಸ ಇದಲ್ಲ ಅಂತ ಖಾತ್ರಿಯಾಯಿತು. ಬಾಗಿಲಿಗೇ ಹತ್ತಿ ಬಿತ್ತಿಸುವವನನ್ನು ಯಾವ ಔಷಧಿ ಸರಿಮಾಡುತ್ತದೆ? 1938ರಲ್ಲಿ ನಾರ್ಮಾ ಬಾಯ್ಡ್ ಮುಂದಾಳತ್ವದಲ್ಲಿ ವಾಷಿಂಗ್ಟನ್‌ನಲ್ಲಿ ಕಾನೂನು ಮಾಡುವವರ ಬೆನ್ನು ಹತ್ತಲು ಒಂದು ತಂಡ ಮಾಡಿದರು. ಆದರೂ ಯಾವ ಪಕ್ಷಕ್ಕೂ ಸೇರಿದವರಲ್ಲ ಅನ್ನುವ ಗೆರೆಯನ್ನು ಕಾಪಾಡಿಕೊಂಡು ಬಂದರು.

2024ರಲ್ಲಿ ಆ ಗೆರೆ ಅಲುಗಾಡಿತು. ಕಮಲಾ ಹ್ಯಾರಿಸ್ ಹೋವರ್ಡ್‌ನಲ್ಲಿ ಓದುವಾಗ 1986ರಲ್ಲಿ ಎಕೆಎ ಸೇರಿದವರು. ಬೈಡನ್ ಅಧ್ಯಕ್ಷ ಚುನಾವಣೆಯಿಂದ ಹಿಂದೆ ಸರಿದ ಮೂರನೇ ದಿನ, ಜುಲೈ 24ಕ್ಕೆ, ಅವರು ಮಾತಾಡಿದ್ದು ಝೀಟಾ ಸಮಾವೇಶದಲ್ಲಿ, ಇಂಡಿಯಾನಾಪೊಲಿಸ್‌ನಲ್ಲಿ. ಮರುತಿಂಗಳು ಎಕೆಎ ತನ್ನದೇ ಚುನಾವಣಾ ನಿಧಿ ಸಮಿತಿಯನ್ನು ನೋಂದಾಯಿಸಿತು. ಆ ಸೊರಾರಿಟಿಯ ಇತಿಹಾಸದಲ್ಲಿ ಅದು ಹೊಸದು. ಸೇವೆ ಸಂಘಕ್ಕೆ ಇದೆಲ್ಲ ಬೇಕಾ ಅನ್ನುವ ಸದಸ್ಯೆಯರು ಇದ್ದಾರೆ. ಮತದಾರರ ನೋಂದಣಿ ಮಾಡಿಸೋದು ಸೇವೆ, ಮತ ಕೇಳೋದು ಪಕ್ಷದ ಕೆಲಸ ಅನ್ನುವುದು ಅವರ ವಾದ. ಕೊಳ ಮುಚ್ಚಿಸಿದ್ದು ನಗರಸಭೆ, ಅದನ್ನು ಸರಿ ಅಂದದ್ದು ಕೋರ್ಟು, ನಾವು ಟವೆಲ್ ಹಂಚುತ್ತಾ ಎಷ್ಟು ದಿನ ಕೂರೋದು ಅನ್ನುವುದು ಇನ್ನೊಂದು ಕಡೆಯವರ ಪ್ರಶ್ನೆ. ನನ್ನ ಒಲವು ಎರಡನೆಯವರ ಕಡೆಗೆ. ಆದರೆ ಮೊದಲನೆಯವರ ಭಯವೂ ಸುಳ್ಳಲ್ಲ. ಒಂದು ಪಕ್ಷದ ಮುದ್ರೆ ಬಿದ್ದರೆ ನಾಳೆ ಶಾಲೆಯ ಬಾಗಿಲು, ಈಜುಕೊಳದ ಬಾಗಿಲು ಇವರಿಗೆ ಇಷ್ಟು ಸುಲಭವಾಗಿ ತೆರೆಯದೇ ಹೋಗಬಹುದು. ಈ ವಾದ ಅವರ ತಿಂಗಳ ಮೀಟಿಂಗ್‌ಗಳಲ್ಲಿ ಇನ್ನೂ ನಡೆಯುತ್ತಿದೆ, ನಿರ್ಣಯ, ಅನುಮೋದನೆ, ಓಟು ಎಲ್ಲದರ ಸಮೇತ.